ಹದಿನೈದು ನಿಮಿಷದ ಬೈಕು

ನನ್ನ ಹಳೇ ಬೈಕು ಮನೆ ಮುಂದೆ ಒಂದೇ ಕಿಕ್ಕಿಗೆ ಎದ್ದು ಕೂರುತ್ತಿತ್ತು. ಸುಮಾರು 15 ನಿಮಿಷ ಸೊಗಸಾಗಿ ಓಡುತ್ತಿತ್ತು. ಆಮೇಲೆ ಎರಡು ಸಲ ಕೆಮ್ಮಿ, ನಡುರಸ್ತೆಯಲ್ಲಿ ಪ್ರಾಣ ಬಿಡುತ್ತಿತ್ತು. ಮೆಕ್ಯಾನಿಕ್ ಎದುರು ಮಾತ್ರ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ ಹುಡುಗ. ಅವನು ಎರಡು ರೌಂಡು ಹೊಡೆದು ಬಂದು, "ಏನೂ ಇಲ್ವಲ್ಲ ಸಾರ್" ಎಂದು ಬೈಕಿಗಿಂತ ಹೆಚ್ಚು ಹೊತ್ತು ನನ್ನನ್ನೇ ನೋಡಿದ.

ಸರಿ, ನಾನೇ ವೈದ್ಯನಾದೆ. ಮೊದಲು ಎಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗು. ಅದರ ಮೂತಿ ಕಪ್ಪಗೆ ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗೆ ಬಿಳಿಚಿಕೊಂಡಿದ್ದರೆ ಕಡಿಮೆ, ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ನನ್ನದು ಅಪ್ಪಟ ಬಿಸ್ಕತ್ತು. ಆದರೂ ರಸ್ತೆ ಬದಿಯಲ್ಲೇ ಹೊಸದು ಹಾಕಿ ಒದ್ದೆ. ಸ್ಟಾರ್ಟ್! ನಾಲ್ಕು ದಿನ ಬಿಟ್ಟು ಮತ್ತೆ ಕೆಮ್ಮಿತು. ಈ ಸಲ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬುಡದ ಸ್ಕ್ರೂ ಬಿಚ್ಚಿ, ಚಿಟಿಕೆ ಕಸ ಹೊರಹಾಕಿ ಒದ್ದೆ. ಸ್ಟಾರ್ಟ್! ಮೂರನೇ ಸಲ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಬಿಸಿಯಾದಾಗ ಕೈಕೊಡುವುದು ಹಳೇ ಕಾಯಿಲ್‌ಗಳ ಸ್ವಭಾವ. ಒದ್ದೆ ಕರ್ಚೀಫು ಸುತ್ತಿ, ಜ್ವರದ ಮಗುವಿನ ಪಕ್ಕ ಕೂತಂತೆ ಕೂತೆ. ಅದೂ ಸ್ಟಾರ್ಟ್! ಮೂರು ರೋಗ, ಮೂರು ಮದ್ದು, ಮೂರಕ್ಕೂ ಗುಣ. ರೋಗಿ ಮಾತ್ರ ಹಾಗೇ.

ನಾಲ್ಕನೇ ಸಲ ನಿಂತಾಗ ಸೆಕೆಗೆ ಹೆಲ್ಮೆಟ್ ತೆಗೆದಿದ್ದೆ. ಪೆಟ್ರೋಲಿದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. "ಉಸ್ಸ್..." ಅಂತ ಟ್ಯಾಂಕು ಉಸಿರೆಳೆದುಕೊಂಡಿತು. ಬೇರೇನನ್ನೂ ಮುಟ್ಟದೆ ಒದ್ದೆ. ಸ್ಟಾರ್ಟ್!

ಈ ಬೈಕಿನ ಪೆಟ್ರೋಲ್ ಮುಳ್ಳು ಕೆಟ್ಟು ವರ್ಷಗಳಾದವು. ಹಾಗಾಗಿ ನಿಂತಾಗಲೆಲ್ಲ ಮೊದಲು ಮುಚ್ಚಳ ತೆಗೆದು ಇಣುಕುವುದು ನನ್ನ ಅಭ್ಯಾಸ. ಅದನ್ನು ರಿಪೇರಿ ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮುಚ್ಚಳದಲ್ಲೊಂದು ಸಣ್ಣ ತೂತಿರುತ್ತದೆ. ಪೆಟ್ರೋಲು ಇಳಿದಷ್ಟೂ ಗಾಳಿ ಅದರಿಂದ ಒಳಬರಬೇಕು. ಅದು ಕಟ್ಟಿಕೊಂಡರೆ, ಸ್ಟ್ರಾದ ಮೇಲ್ತುದಿಗೆ ಬೆರಳಿಟ್ಟ ಹಾಗೆ, ಪೆಟ್ರೋಲು ಕೆಳಗಿಳಿಯದೆ ಮುಷ್ಕರ ಹೂಡುತ್ತದೆ. ಟ್ಯಾಂಕು ತುಂಬಿದ್ದರಂತೂ ಗಾಳಿಗೆ ಜಾಗವೇ ಕಡಿಮೆ, ನಿರ್ವಾತ ಇನ್ನೂ ಬೇಗ ಹುಟ್ಟುತ್ತದೆ. ಫುಲ್ ಟ್ಯಾಂಕ್ ಹಾಕಿಸಿದ ದಿನವೇ ಬೈಕು ಬೇಗ ಸಾಯುತ್ತಿದ್ದ ಗುಟ್ಟು ಇದು. ನಾನೋ, ಪೆಟ್ರೋಲೇ ಕಲಬೆರಕೆ ಎಂದು ಮೂರು ಬಂಕ್ ಬದಲಾಯಿಸಿದ್ದೆ. ಪಾಪ ತಟ್ಟೀತು.

ಮೆಕ್ಯಾನಿಕ್ಕಿನ ಎರಡು ರೌಂಡಿಗೆ 15 ನಿಮಿಷ ಎಲ್ಲಿಂದ ಬರಬೇಕು?

ತೂತು ಮುಚ್ಚಿದ್ದು ಯಾರು ಅಂತೀರಾ? ಹೋದ ತಿಂಗಳು ಒಂದು ಭಾನುವಾರ ಇಡೀ ಕೂತು, ಮುಖ ಕಾಣುವವರೆಗೂ ಆ ಮುಚ್ಚಳಕ್ಕೆ ಪಾಲಿಶ್ ತಿಕ್ಕಿದ ಪುಣ್ಯಾತ್ಮ ನಾನೇ. ಗುಂಡುಪಿನ್ನಿನಿಂದ ಕೆದಕಿದರೆ ಸಾಸಿವೆಯ ಅರ್ಧದಷ್ಟು ಬಿಳಿ ಪುಡಿ ಉದುರಿತು. ಅಷ್ಟೇ.

ಈಗ ಬೈಕು ಗಂಟೆಗಟ್ಟಲೆ ಓಡುತ್ತದೆ. ನಿನ್ನೆಯಿಂದ ಮಾತ್ರ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಟಕ್ಕನೆ ಆಫ್. ಕುತ್ತಿಗೆಯ ಹತ್ತಿರ ಯಾವುದೋ ವೈರು ಒಳಗೇ ತುಂಡಾಗಿರಬೇಕು. ಭಾನುವಾರ ನೋಡುತ್ತೇನೆ. ಅಲ್ಲಿಯವರೆಗೆ ಗೇಟಿನಿಂದ ಬಲಕ್ಕೇ ತಿರುಗಿ, ಬೀದಿಯನ್ನು ಒಂದು ಸುತ್ತು ಹಾಕಿ ಎಡಕ್ಕೆ ಹೋಗುತ್ತಿದ್ದೇನೆ.