ಸತ್ಯಾಂಶ: ‘ಗುಂಪಿನ ಮೇಲೆ ಕೇಸಿಲ್ಲ’ ಅನ್ನೋದು ಸುಳ್ಳು

ತುಮಕೂರಿನ ವಾಟ್ಸಾಪ್ ಗ್ರೂಪಿಗೊಂದು ಫಾರ್ವರ್ಡ್ ಬಂದಿದೆ: “ಮ್ಯಾಚ್ ಸೋತ ಸಿಟ್ಟಲ್ಲಿ ಗುಂಪು ಏನು ಒಡೆದರೂ ಒಬ್ಬೊಬ್ಬರ ಮೇಲೆ ಕೇಸ್ ಹಾಕೋಕೆ ಆಗಲ್ಲ. ತಂಡದವರೇ ಹೊಣೆ.”

ನಿಜ ಇದರ ಉಲ್ಟಾ. ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಂ ಪ್ರಕಾರ ಅಪರಾಧದ ಉದ್ದೇಶಕ್ಕೆ ಐದು ಜನ ಸೇರಿದರೂ ಸಾಕು, ಅದು ಅಕ್ರಮ ಕೂಟ. 190ನೇ ಕಲಂ ಇನ್ನೂ ಬಿಗಿ. ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ತಪ್ಪಿಗೆ ಕೂಟದಲ್ಲಿದ್ದ ಎಲ್ಲರೂ ಹೊಣೆ. ಕಲ್ಲು ಎಸೆದವನ ಪಕ್ಕ ನಿಂತು “ಹಾಕೋ, ಹಾಕೋ” ಅಂದವನೂ ಸೇರಿ! ದಾರಿಯಲ್ಲಿ ಹೋಗುತ್ತಾ ಸುಮ್ನೆ ನೋಡಲು ನಿಂತವನ ಕತೆ ಬೇರೆ. ಆದರೆ ಅದನ್ನು ಠಾಣೆಯಲ್ಲಿ ವಿವರಿಸುವ ಪಾಡು ಅವನದೇ ಅಲ್ವಾ?

ಗಲಭೆಗೆ 2 ವರ್ಷದವರೆಗೆ ಜೈಲು. ಸರ್ಕಾರಿ ಬಸ್ಸಿನ ಗಾಜು ಒಡೆದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯೂ ಬರುತ್ತದೆ. ಬೆಂಕಿ ಹಚ್ಚಿದರೆ 10 ವರ್ಷದವರೆಗೆ.

ತಂಡಕ್ಕೂ ಪೆಟ್ಟು ಬೀಳಬಹುದು, ಆದರೆ ಆಟದ ನಿಯಮದಲ್ಲಿ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್ ಪ್ರೇಕ್ಷಕರು ಬಾಟಲಿ ಎಸೆದಾಗ ಪಂದ್ಯ ಶ್ರೀಲಂಕಾದ ಪಾಲಾಯಿತು.

2011ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಐಸ್ ಹಾಕಿ ಫೈನಲ್ ಸೋತ ರಾತ್ರಿ ಗಲಭೆಯಾಯಿತು. ಸುಮಾರು 300 ಜನರ ಮೇಲೆ ಕೇಸ್ ಬಿತ್ತು. ಸಾಕ್ಷಿಗೆ ಜಾಸ್ತಿ ಸಹಾಯ ಮಾಡಿದ್ದು ಯಾವುದು ಗೊತ್ತಾ? ಅಲ್ಲಿದ್ದವರೇ ಮೊಬೈಲಲ್ಲಿ ತೆಗೆದ ಫೋಟೊ, ವಿಡಿಯೊ.