ಸರದಿಯಲ್ಲಿ ನಿಲ್ಲಲಾಗದವರ ಜೊತೆ ಡಿಸ್ನಿ ವರ್ಲ್ಡ್

ಆಟಿಸಂ ಎಂಬ ಬೆಳವಣಿಗೆಯ ತೊಂದರೆ ಇರುವ ಮಗನನ್ನೂ, ಪಾರ್ಶ್ವವಾಯುವಿನ ನಂತರ ಗಾಲಿಕುರ್ಚಿ ಹಿಡಿದಿರುವ ಅಮ್ಮನನ್ನೂ ಒಟ್ಟಿಗೆ ಕರೆದುಕೊಂಡು ಅಮೆರಿಕದ ಫ್ಲಾರಿಡಾದಲ್ಲಿ ಒರ್ಲ್ಯಾಂಡೊ ಬಳಿ ಇರುವ ಮನರಂಜನಾ ತಾಣ ಡಿಸ್ನಿ ವರ್ಲ್ಡ್ ನೋಡಿ ಬಂದೆವೆಂದು ತಿಳಿದ ಮೇಲೆ, ಇಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಇಬ್ಬರು ಕನ್ನಡದ ಗೆಳತಿಯರು ಅದು ಹೇಗೆ ಸಾಧ್ಯವಾಯಿತೆಂದು ಕೇಳಿದರು. ಇಬ್ಬರ ಮನೆಯಲ್ಲೂ ಅಂಥ ಮಕ್ಕಳಿದ್ದಾರೆ. ಫೋನಿನಲ್ಲಿ ಹೇಳಿದ್ದು ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ರಜೆಗೆ ಊರಿಗೆ ಹೋಗಿದ್ದಾಗ ಮಗನನ್ನು ಅಲ್ಲಿನ ಒಂದು ಮನರಂಜನಾ ಪಾರ್ಕಿಗೆ ಕರೆದೊಯ್ದಿದ್ದೆವು. ಯಾವ ಯಾವ ಆಟ ಆಡಿಸಬೇಕೆಂದು ಹಿಂದಿನ ರಾತ್ರಿಯೇ ಪಟ್ಟಿ ಮಾಡಿಕೊಂಡಿದ್ದೆ. ಮೊದಲನೆಯ ಆಟಕ್ಕೇ ಕಬ್ಬಿಣದ ಕಂಬಿಗಳ ನಡುವೆ ಅರ್ಧ ಗಂಟೆ ನಿಲ್ಲಬೇಕಾಯಿತು. ತಲೆಯ ಮೇಲೆ ಧ್ವನಿವರ್ಧಕ, ಹಿಂದೆ ಮುಂದೆ ಮೈಗೆ ತಾಗುವ ಜನ. ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಮಗುವಿಗೆ ಸ್ವಲ್ಪ ಶಿಸ್ತು ಕಲಿಸಬಾರದೇ ಎಂದು ಹಿಂದಿದ್ದ ಹಿರಿಯರೊಬ್ಬರು ಕೇಳಿದರು; ಇವನು ಸ್ವಲ್ಪ ಹಟಮಾರಿ ಎಂದು ನಾನು ಉತ್ತರ ಕೊಟ್ಟೆ. ಮಧ್ಯಾಹ್ನದೊಳಗೆ ಮನೆಗೆ ಮರಳಿದೆವು. ಅವನನ್ನು ನೆಲಕ್ಕೆ ಕೆಡವಿದ್ದು ಆಟವಲ್ಲ, ಕಾಯುವಿಕೆ ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ನಂತರ. ಅಂದು ನಾನಾಡಿದ ಆ ಸುಳ್ಳು ಈಗಲೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಈ ಸಲ ಆಟಗಳ ಪಟ್ಟಿಯನ್ನು ಬದಿಗಿಟ್ಟು, ಎಲ್ಲೆಲ್ಲಿ ಎಷ್ಟು ಹೊತ್ತು ಕಾಯಬೇಕು, ಎಲ್ಲಿ ಕೂರಬಹುದು, ಸದ್ದಿಲ್ಲದ ಜಾಗ ಎಲ್ಲಿದೆ, ಶೌಚಾಲಯ ಎಷ್ಟು ದೂರ ಎಂಬ ಲೆಕ್ಕದಿಂದ ಆರಂಭಿಸಿದೆ. ಡಿಸ್ನಿಯವರಲ್ಲಿ 2013ರಿಂದ ಡಿಸೇಬಿಲಿಟಿ ಆಕ್ಸೆಸ್ ಸರ್ವಿಸ್ ಎಂಬ ವ್ಯವಸ್ಥೆ ಇದೆ. ಆಟಿಸಂನಂಥ ಬೆಳವಣಿಗೆಯ ತೊಂದರೆಗಳಿಂದಾಗಿ ಸರದಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದವರಿಗೆ ಮಾತ್ರ ಅದು ಎಂದು 2024ರಲ್ಲಿ ನಿಯಮ ಬಿಗಿ ಮಾಡಿದರು. ಪ್ರವಾಸಕ್ಕೆ ಮೊದಲೇ ವಿಡಿಯೊ ಕರೆಯಲ್ಲಿ ಅವರ ಜೊತೆ ಮಾತಾಡಬೇಕು. ಸೌಲಭ್ಯ ಬೇಕಾದ ವ್ಯಕ್ತಿಯೂ ಕರೆಯಲ್ಲಿ ಇರಬೇಕು. ಒಪ್ಪಿಗೆಯಾದರೆ, ಒಂದು ಆಟಕ್ಕೆ ಐವತ್ತು ನಿಮಿಷದ ಸರದಿ ಇದ್ದಾಗ ಸುಮಾರು ಅಷ್ಟೇ ಹೊತ್ತಿನ ನಂತರ ಬರಲು ಸಮಯ ಕೊಡುತ್ತಾರೆ. ಅಂದರೆ ಇದು ಯಾರನ್ನೂ ಹಿಂದಿಕ್ಕಿ ಮುಂದೆ ನುಗ್ಗುವ ಅವಕಾಶವಲ್ಲ. ಎಲ್ಲರಷ್ಟೇ ಕಾಯುತ್ತೇವೆ, ಆದರೆ ಕಂಬಿಗಳ ನಡುವೆ ಅಲ್ಲ, ಮರದ ನೆರಳಿನಲ್ಲಿ.

ಆ ಕರೆಯಲ್ಲಿ ಏನು ಹೇಳಬೇಕು ಎಂಬುದು ಬಹಳ ಮುಖ್ಯ. ಆಟಿಸಂ ಎಂಬ ಹೆಸರನ್ನಷ್ಟೇ ಹೇಳಿ ನಿಲ್ಲಿಸಬೇಡಿ. ಸರದಿಯಲ್ಲಿ ನಿಂತಾಗ ಮಗುವಿಗೆ ನಿಜವಾಗಿ ಏನಾಗುತ್ತದೆ, ಎಷ್ಟು ನಿಮಿಷದ ನಂತರ ಆಗುತ್ತದೆ, ಆಮೇಲೆ ಸುಧಾರಿಸಿಕೊಳ್ಳಲು ಎಷ್ಟು ಹೊತ್ತು ಬೇಕು ಎಂಬುದನ್ನು ಇದ್ದ ಹಾಗೆ ಹೇಳಿ. ನಾಲ್ಕು ಜನರೆದುರು ಮಗುವಿನ ಕಷ್ಟವನ್ನು ಕಡಿಮೆ ಮಾಡಿ ಹೇಳುವುದು ನಮ್ಮವರಿಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ಹಾಗೆ ಮಾಡಿದರೆ ಮಗುವಿಗೇ ನಷ್ಟ.

ಅಮ್ಮನ ವಿಷಯ ಬೇರೆ. ಗಾಲಿಕುರ್ಚಿ ಬೇಕೆಂಬ ಕಾರಣಕ್ಕಷ್ಟೇ ಈ ಸೌಲಭ್ಯ ಸಿಗುವುದಿಲ್ಲ; ಅನೇಕ ಆಟಗಳ ಸರದಿಯೊಳಗೇ ಗಾಲಿಕುರ್ಚಿ ಹೋಗುವಷ್ಟು ದಾರಿ ಇರುತ್ತದೆ. ಕುರ್ಚಿಯಲ್ಲೇ ಕುಳಿತು ಆಡಬಹುದಾದ ಆಟ ಯಾವುದು, ಇಳಿದು ಬೇರೆ ಆಸನಕ್ಕೆ ಹೋಗಬೇಕಾದದ್ದು ಯಾವುದು ಎಂಬುದನ್ನು ಪಾರ್ಕಿನ ನಕಾಶೆಯಲ್ಲಿ ಗುರುತು ಹಾಕಿರುತ್ತಾರೆ. ಆದರೆ ಅಲ್ಲಿನ ಸಿಬ್ಬಂದಿ ಯಾರನ್ನೂ ಎತ್ತಿ ಕೂರಿಸುವುದಿಲ್ಲ, ಆ ಕೆಲಸ ಮನೆಯವರದೇ. ಹೊರಡುವ ಮೊದಲು ಹದಿನೈದು ದಿನ ಸೋಫಾದ ಪಕ್ಕಕ್ಕೆ ಕುರ್ಚಿ ನಿಲ್ಲಿಸಿ, ಬ್ರೇಕ್ ಹಾಕಿ, ಅಮ್ಮ ಬಲಗೈ ಊರಿ ಆ ಕಡೆಗೆ ಜರುಗುವುದನ್ನು ಅಭ್ಯಾಸ ಮಾಡಿದೆವು. ಆದರೂ ಆಕೆ ಹೆಚ್ಚು ಸಂತೋಷಪಟ್ಟದ್ದು ಇಳಿಯಬೇಕಾಗಿಲ್ಲದ ಕಡೆಗಳಲ್ಲೇ. ಡಿಸ್ನಿ ವರ್ಲ್ಡ್‌ನೊಳಗಿನ ಪಾರ್ಕುಗಳಲ್ಲೊಂದಾದ ಅನಿಮಲ್ ಕಿಂಗ್‌ಡಮ್‌ನ ಕಿಲಿಮಂಜಾರೊ ಸಫಾರಿಯಲ್ಲಿ ಗಾಲಿಕುರ್ಚಿಯನ್ನೇ ಹತ್ತಿಸಿಕೊಳ್ಳುವ ವಾಹನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದ ನನ್ನ ಅಮ್ಮ ಅದರಲ್ಲಿ ಕುಳಿತು ಜಿರಾಫೆಗಳನ್ನು ನೋಡಿದಳು, ಪಕ್ಕದಲ್ಲಿ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಮೊಮ್ಮಗ ಕುಳಿತಿದ್ದ.

ಇಬ್ಬರ ಅಗತ್ಯಗಳೂ ಒಂದಕ್ಕೊಂದು ಎದುರಾಗಿದ್ದವು. ಅವನಿಗೆ ನಿಂತಲ್ಲಿ ನಿಲ್ಲಲಾಗದು, ಆಕೆಗೆ ಅವಸರವಾಗದು. ಆದ್ದರಿಂದ ದಿನವಿಡೀ ಎಲ್ಲರೂ ಒಟ್ಟಿಗೇ ಇರಬೇಕೆಂಬ ಹಂಬಲವನ್ನು ಬಿಟ್ಟೆವು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮಗನೊಂದಿಗೆ ಒಬ್ಬರು ಹೋಗುವುದು, ಅಮ್ಮನೊಂದಿಗೆ ಇನ್ನೊಬ್ಬರು ನಿಧಾನವಾಗಿ ಹೊರಡುವುದು, ಊಟಕ್ಕೆ ಸೇರುವುದು, ಬಿಸಿಲೇರಿದ ಮೇಲೆ ಎಲ್ಲರೂ ಕೋಣೆಗೆ ಮರಳುವುದು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಆಗ ಹೊರಗಿನ ಆಟಗಳನ್ನು ನಿಲ್ಲಿಸುತ್ತಾರೆ. ಆದ್ದರಿಂದ ಆ ಹೊತ್ತಿನ ವಿಶ್ರಾಂತಿಯಿಂದ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಹೊರಗಿನ ಊಟ ಒಯ್ಯಲು ಅನುಮತಿ ಇದೆ. ಮಗ ತಿನ್ನುವುದು ಎರಡೇ ಬಗೆಯ ಊಟ, ಅದರಲ್ಲಿ ಮೊಸರನ್ನ ಒಂದು. ಆ ಡಬ್ಬಿ ಇಲ್ಲದಿದ್ದರೆ ನಮ್ಮ ಬೇರೆ ಯಾವ ಸಿದ್ಧತೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಇನ್ನೊಂದು ಮಾತು: ಜೊತೆಯವರೂ ಒಳಗೆ ಬರಬಹುದಾದ ಪ್ರತ್ಯೇಕ ಶೌಚಾಲಯಗಳು ಎಲ್ಲಿವೆಯೆಂದು ಮೊದಲೇ ಗುರುತು ಮಾಡಿಕೊಳ್ಳಿ. ಹನ್ನೆರಡು ವರ್ಷದ ಮಗನಿಗೆ ನೆರವಾಗಬೇಕಾದ ತಾಯಿಗೆ ಆ ಬಾಗಿಲು ಎಷ್ಟು ದೊಡ್ಡ ನೆಮ್ಮದಿ ಎಂಬುದು ಅನುಭವಿಸಿದವರಿಗೇ ಗೊತ್ತು.

ಮೊದಲಿಗೆ ಅಮ್ಮನಿಗೆ ಇದೆಲ್ಲ ಹಿಡಿಸಿರಲಿಲ್ಲ. “ನಮಗೊಂದು ಬೇರೆ ದಾರಿ ಕೇಳಿದರೆ ಜನ ಏನಂದುಕೊಳ್ಳುತ್ತಾರೆ, ನಾನು ಮನೆಯಲ್ಲೇ ಇರುತ್ತೇನೆ” ಎಂದಿದ್ದಳು. ಅವಳ ಮನಸ್ಸು ಬದಲಾದದ್ದು ಟೆಕ್ಸಸ್‌ನಲ್ಲೇ ಇರುವ ಸ್ಯಾನ್ ಆಂಟೋನಿಯೊದ ಮಾರ್ಗನ್ಸ್ ವಂಡರ್‌ಲ್ಯಾಂಡ್‌ನಲ್ಲಿ. ಗಾರ್ಡನ್ ಹಾರ್ಟ್‌ಮನ್ ಎಂಬವರು ವೈಕಲ್ಯವಿರುವ ತಮ್ಮ ಮಗಳು ಮಾರ್ಗನ್‌ಳಂಥ ಮಕ್ಕಳಿಗೂ ಆಡಲು ಜಾಗ ಬೇಕೆಂದು ಕಟ್ಟಿಸಿ 2010ರಲ್ಲಿ ತೆರೆದ ಪಾರ್ಕು ಅದು. ವಿಕಲಚೇತನರಿಗೆ ಅಲ್ಲಿ ಪ್ರವೇಶ ಶುಲ್ಕವಿಲ್ಲ; 2017ರಲ್ಲಿ ತೆರೆದ ನೀರಾಟದ ಭಾಗದಲ್ಲಿ ನೀರಿಗಿಳಿಸಬಹುದಾದ ಗಾಲಿಕುರ್ಚಿಗಳಿವೆ. ಗಾಲಿಕುರ್ಚಿಯ ಸಮೇತ ಮಕ್ಕಳು ಉಯ್ಯಾಲೆಯಾಡುವುದನ್ನು ಅಮ್ಮ ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಆಮೇಲೆ ಒರ್ಲ್ಯಾಂಡೊಗೆ ಯಾವಾಗ ಹೋಗುವುದೆಂದು ತಾನೇ ಕೇಳಿದಳು.

ನಮ್ಮ ಭಾರತದಲ್ಲಿ ಇದಕ್ಕೆ ಕಾನೂನೇ ಇಲ್ಲವೆಂದು ಯಾರೂ ಭಾವಿಸಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಮತ್ತು ಸಾರ್ವಜನಿಕ ಕಟ್ಟಡ ಎಂಬುದರ ವ್ಯಾಖ್ಯೆಯಲ್ಲಿ ಮನರಂಜನೆಗೆ ಬಳಸುವ ಖಾಸಗಿ ಕಟ್ಟಡಗಳೂ ಸೇರಿವೆ. ಸುಗಮ ಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ ಟಿಕೆಟ್ ಕೊಳ್ಳುವವರು ಕೇಳದಿದ್ದರೆ ಮಾರುವವರಿಗೆ ಇದು ನೆನಪಾಗುವುದು ಕಷ್ಟ.

ಡಿಸೆಂಬರ್‌ನಲ್ಲಿ ನಾವು ಊರಿಗೆ ಹೋಗುತ್ತಿದ್ದೇವೆ. ಅಲ್ಲಿಯೂ ಮಗನನ್ನು ಮತ್ತೊಮ್ಮೆ ಪಾರ್ಕಿಗೆ ಕರೆದೊಯ್ಯಬೇಕೆಂದಿದ್ದೇನೆ. ಸರದಿಯ ಹೊರಗೆ ಕಾಯಲು ಬಿಡುತ್ತೀರಾ, ಗಾಲಿಕುರ್ಚಿ ಹೋಗುವ ಶೌಚಾಲಯ ಎಷ್ಟಿವೆ, ಸದ್ದಿಲ್ಲದ ಒಂದು ಕೋಣೆ ಇದೆಯೇ, ಮೊಸರನ್ನದ ಡಬ್ಬಿ ಒಳಗೆ ತರಬಹುದೇ ಎಂದು ಮುಂಚಿತವಾಗಿ ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಅಮ್ಮನಿಗೆ ಕಳಿಸಿದ್ದೇನೆ. ಫೋನ್ ತಾನೇ ಮಾಡುತ್ತೇನೆ ಎಂದಿದ್ದಾಳೆ.