ಸಿಗರೇಟ್ ಪ್ಯಾಕಿಗೆ ಮತ್ತೆ ಮುಚ್ಚುವ ಬಾಯಿ ಬೇಡ

ಒಮ್ಮೆ ಒಡೆದ ಸಿಗರೇಟ್ ಪ್ಯಾಕನ್ನು ಗಾಳಿ ಆಡದ ಹಾಗೆ ಮತ್ತೆ ಮುಚ್ಚಿಡಲು ಬರಬೇಕು, ಅದಕ್ಕೊಂದು ಒಳ್ಳೆಯ ಡಿಸೈನ್ ಬೇಕು. ನಮ್ಮ ಪ್ಯಾಕಿಂಗ್ ಲೈನಿನಲ್ಲಿ ಈ ಮಾತು ಆಗಾಗ ಬರುತ್ತದೆ. "ನೀವು ಕರಾವಳಿಯವರು, ಮಳೆಗಾಲದ ಹವೆ ಎಂಥದ್ದು ಅಂತ ನಿಮಗೆ ಗೊತ್ತು, ನೀವೇ ಏನಾದ್ರೂ ಹೇಳಿ" ಅಂತ ಮುಂಬೈ ಕಡೆಯ ಪರಿಚಯದವರೊಬ್ಬರು ಈ ಸಲ ನನ್ನನ್ನೇ ಕೇಳಿದರು. ನನ್ನ ಉತ್ತರ ಇಷ್ಟೇ. ಆ ಡಿಸೈನ್ ಮಾಡಬಾರದು. ಮಾಡಲು ಬರುವುದಿಲ್ಲ ಅಂತಲ್ಲ. ಬರುತ್ತದೆ. ಆದರೂ ಮಾಡಬಾರದು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಾನು ಕುಮಟಾದವನು. ಶಿರಸಿ, ಅಂಕೋಲಾ, ಕಾರವಾರದ ಸಣ್ಣ ಸಣ್ಣ ತಯಾರಕರಿಗೆ ಪೌಚು, ಲೇಬಲ್ಲು ಮಾಡಿಸಿಕೊಡುವುದು ನನ್ನ ಕೆಲಸ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಮುರುಗಲ ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಒಣ ಸಿಗಡಿ. ಒಣಗಿಸಿದ್ದಕ್ಕೆಲ್ಲ ಇಲ್ಲಿ ಶತ್ರು ಒಂದೇ, ತೇವ. ಜೂನ್ ಬಂತು ಅಂದರೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಜಿಪ್ ಇರುವ ಪೌಚು ಹಾಕಿದರೆ ಆಯ್ತಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಅಷ್ಟು ಸುಲಭ ಅಲ್ಲ. ಮುರುಗಲ ಸಿಪ್ಪೆಗೆ ಉಪ್ಪು ಹಾಕಿರುತ್ತಾರೆ. ಆ ಉಪ್ಪಿನ ಹರಳು ಜಿಪ್ಪಿನ ಸಂದಿಯಲ್ಲಿ ಕೂತರೆ ಎಷ್ಟು ಒತ್ತಿದರೂ ಬಾಯಿ ಕೂಡುವುದಿಲ್ಲ. ಹೊರಗಿನಿಂದ ನೋಡಿದರೆ ಮುಚ್ಚಿದ ಹಾಗೆಯೇ ಕಾಣುತ್ತದೆ. ಒಳಗೆ ಮಾತ್ರ ನಾಲ್ಕು ದಿನಕ್ಕೆ ಅಂಟಂಟು. ಜಿಪ್ಪನ್ನು ಸ್ವಲ್ಪ ಮೇಲೆ ಕೂರಿಸಬೇಕು, ತುಂಬುವಾಗ ಆಲಿಕೆ ಇಡಬೇಕು, ಅಂಚು ಒರೆಸಬೇಕು. ಇಷ್ಟು ಸಣ್ಣ ವಿಷಯಕ್ಕೂ ನಾವು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಒಳಗಿರುವುದು ಊಟದ ವಸ್ತು. ಅದು ಹಾಳಾದರೆ ಬೇಸಿಗೆಯಿಡೀ ಅಂಗಳದಲ್ಲಿ ಒಣಗಿಸಿದ ಹೆಂಗಸರ ದುಡಿಮೆ ಹಾಳು, ತಿಂದವರ ಹೊಟ್ಟೆಯೂ ಹಾಳು.

ಈಗ ಸಿಗರೇಟಿನ ವಿಷಯ. ತಂಬಾಕು ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಒಣ ಹವೆ ಇದ್ದರೆ ಬಿಟ್ಟುಕೊಡುತ್ತದೆ. ಕಾರ್ಖಾನೆಯಿಂದ ಹೊರಡುವಾಗ ಅದರಲ್ಲಿ ಶೇ. 12–13ರಷ್ಟು ತೇವ ಇರುತ್ತದೆ. ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ. ಜಾಸ್ತಿಯಾದರೆ ಸಿಗರೇಟು ಮೆತ್ತಗಾಗಿ ಸರಿಯಾಗಿ ಉರಿಯುವುದಿಲ್ಲ. ಅದಕ್ಕೇ ಪ್ಯಾಕಿಗೆ ಮೂರು ಪದರ. ಹೊರಗೆ ತೆಳು ಪ್ಲಾಸ್ಟಿಕ್ ಹಾಳೆ, ಅದನ್ನು ಹರಿಯಲು ಒಂದು ಸಣ್ಣ ಪಟ್ಟಿ. ಅದರೊಳಗೆ ರಟ್ಟಿನ ಡಬ್ಬಿ. ಡಬ್ಬಿಯೊಳಗೆ ಕಾಗದಕ್ಕೆ ಅಂಟಿಸಿದ ಬೆಳ್ಳಿ ಬಣ್ಣದ ಹಾಳೆ. ತೇವ ತಡೆಯುವ ದೊಡ್ಡ ಕೆಲಸ ಮಾಡುವುದು ಹೊರಗಿನ ಆ ಪ್ಲಾಸ್ಟಿಕ್ಕು. ಅದನ್ನು ಹರಿದು ಬಿಸಾಕಿ, ಬೆಳ್ಳಿ ಹಾಳೆಯನ್ನೂ ಹರಿದ ಮೇಲೆ ಉಳಿಯುವುದು ಬರೀ ರಟ್ಟು. ಅದರ ಸಂದಿಗಳಲ್ಲಿ ಗಾಳಿ ಆರಾಮಾಗಿ ಓಡಾಡುತ್ತದೆ.

ಇದು ಹೊಸ ತಲೆನೋವೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮಂಥ ಸೆಕೆಯ ದೇಶಗಳಿಗೆ 50 ಸಿಗರೇಟಿನ ದುಂಡಗಿನ ತಗಡಿನ ಡಬ್ಬಿ ಬರುತ್ತಿತ್ತು, ಗಾಳಿ ಹೋಗದ ಹಾಗೆ ಸೀಲು ಮಾಡಿದ್ದು. ಹಳೇ ಮನೆಗಳ ಅಟ್ಟದಲ್ಲಿ ಹುಡುಕಿದರೆ ಈಗಲೂ ಸಿಗಬಹುದು, ಒಳಗೆ ಗುಂಡಿ, ಸೂಜಿ ತುಂಬಿಕೊಂಡು. ಆಮೇಲೆ 1955ರಲ್ಲಿ ಅಮೆರಿಕದಲ್ಲಿ ಮಾರ್ಲ್‌ಬೊರೊ ಗಟ್ಟಿ ರಟ್ಟಿನ, ಮೇಲಿನ ಮುಚ್ಚಳ ಹಿಂದಕ್ಕೆ ಮಡಚುವ ಡಬ್ಬಿಯಲ್ಲಿ ಬಂತು. ಈಗ ನಾವು ನೋಡುವ ಪ್ಯಾಕು ಅದೇ. ಜೇಬಿನಲ್ಲಿ ಜಜ್ಜಿ ಹೋಗುವುದಿಲ್ಲ ಅನ್ನುವುದು ಅದರ ಒಂದು ಗುಣ. ಪ್ರತಿ ಸಲ ಡಬ್ಬಿ ಹೊರಗೆ ತೆಗೆದು ಮುಚ್ಚಳ ಎತ್ತಬೇಕು, ಆಗ ಎದುರಿದ್ದವರಿಗೆಲ್ಲ ಅದರ ಹೆಸರು ಕಾಣುತ್ತದೆ ಅನ್ನುವುದು ಇನ್ನೊಂದು. ಮುಚ್ಚಳದ ಡಿಸೈನ್ ಒಂದರಿಂದ ಎಷ್ಟು ವ್ಯಾಪಾರ ಬೆಳೆಯುತ್ತದೆ ಅಂತ ಆ ಕಂಪನಿಗಳಿಗೆ ಅವತ್ತೇ ಗೊತ್ತಾಗಿತ್ತು.

ಈಗ ಕೇಳುತ್ತಿರುವುದು ಒಳಗಿನ ಬೆಳ್ಳಿ ಹಾಳೆಯ ಬಗ್ಗೆ. ಅದರಲ್ಲಿ ಮೂರು ಬದಿ ಕೊಯ್ದು ಒಂದು ಕಿಟಕಿ ಮಾಡುತ್ತಾರೆ. ಕಿಟಕಿಗಿಂತ ಸ್ವಲ್ಪ ದೊಡ್ಡದಾದ ಸ್ಟಿಕರನ್ನು ಅದರ ಮೇಲೆ ಕೂರಿಸುತ್ತಾರೆ. ಅದರ ಅಂಟು ಒಣಗದ ಜಾತಿಯದು. ಎತ್ತಿದರೆ ಏಳುತ್ತದೆ, ಒತ್ತಿದರೆ ಕೂರುತ್ತದೆ. ತುದಿಯಲ್ಲಿ ಬೆರಳಿಗೆ ಸಿಗುವಷ್ಟು ಜಾಗಕ್ಕೆ ಅಂಟು ಬಿಟ್ಟಿರುತ್ತಾರೆ. ಮಕ್ಕಳ ಮೈ ಒರೆಸುವ ಒದ್ದೆ ಟಿಶ್ಯೂ ಪ್ಯಾಕಿನ ಬಾಯಿ ನೋಡಿದ್ದೀರಲ್ಲ, ಅದೇ ಉಪಾಯ. ಹೊರದೇಶಗಳಲ್ಲಿ ಇಂಥ ಸಿಗರೇಟ್ ಪ್ಯಾಕು ಬಂದೂ ಆಗಿದೆ. ತಂಬಾಕಿನ ಪುಡಿ ಅಂಟಿಗೆ ಮೆತ್ತಿಕೊಂಡು ಕೊನೆಕೊನೆಗೆ ಸ್ಟಿಕರು ಸರಿಯಾಗಿ ಕೂರದೇ ಇರಬಹುದು, ಅದನ್ನೂ ಸರಿಮಾಡಬಹುದು. ಕಸುಬು ಅಂತ ನೋಡಿದರೆ ಚೆಂದದ ಕೆಲಸ. ಆದರೆ ಅದರಿಂದ ಯಾರಿಗೆ ಅನುಕೂಲ?

ನಮ್ಮ ಜಿಲ್ಲೆಯಲ್ಲೇ ನೋಡಿ. ಇಲ್ಲಿ ಪೂರ್ತಿ ಪ್ಯಾಕು ಕೊಳ್ಳುವವರು ಎಷ್ಟು ಜನ? ಗೂಡಂಗಡಿಗೆ ಬಂದು ಒಂದೋ ಎರಡೋ ಬಿಡಿ ಸಿಗರೇಟು ತೆಗೆದುಕೊಂಡು, ಅಲ್ಲೇ ದಾರಕ್ಕೆ ಕಟ್ಟಿಟ್ಟ ಲೈಟರಿನಲ್ಲಿ ಹಚ್ಚಿಕೊಂಡು ಹೋಗುವವರೇ ಜಾಸ್ತಿ. ಪ್ಯಾಕು ಒಡೆಯುವುದು ಅಂಗಡಿಯವರು. ಇಡೀ ದಿನ ಬಾಯಿ ತೆರೆದಿರುವುದು ಅವರ ಹತ್ತಿರ. ಮಳೆಗಾಲದಲ್ಲಿ ನಷ್ಟ ಆಗುವುದೂ ಅವರಿಗೇ. ಹೆದ್ದಾರಿ ಬದಿಯ ಒಬ್ಬ ಹಿರಿಯರು ನನಗೆ ಹೇಳಿದ್ದರು, "ತಮ್ಮಾ, ಜುಲೈ ತಿಂಗಳಲ್ಲಿ ಪ್ಯಾಕಿನ ಕೊನೇ ಎರಡು ಮೂರು ಯಾರೂ ತಗೊಳ್ಳುದಿಲ್ಲ. ಬೆರಳಲ್ಲಿ ಒತ್ತಿ ನೋಡಿ ವಾಪಸ್ ಕೊಡ್ತಾರೆ." ಅವರು ಒಡೆದ ಪ್ಯಾಕುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಇಡುತ್ತಾರೆ.

ಅಂದರೆ ಮತ್ತೆ ಮುಚ್ಚುವ ಪ್ಯಾಕು ಬಂದರೆ ಇಲ್ಲಿ ಅದರ ಮೊದಲ ಉಪಯೋಗ ಬಿಡಿ ಮಾರಾಟಕ್ಕೆ. ಆ ಬಿಡಿ ಮಾರಾಟವನ್ನು ಕರ್ನಾಟಕ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ. ಆಮೇಲೆ ಕೋಟ್ಪಾಕ್ಕೆ, ಅಂದರೆ ಸಿಗರೇಟು ಮತ್ತು ತಂಬಾಕು ಮಾರಾಟದ ಕೇಂದ್ರ ಕಾಯ್ದೆಗೆ, ರಾಜ್ಯ ತಂದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಬಿಡಿಯಾಗಿ ಮಾರುವಂತಿಲ್ಲ ಅನ್ನುವುದು ಈಗ ಕಾಯ್ದೆಯಲ್ಲೇ ಇದೆ. 21 ವರ್ಷದ ಒಳಗಿನವರಿಗೆ ಕೊಡುವಂತಿಲ್ಲ. ಶಾಲೆ, ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ತಪ್ಪಿದರೆ ದಂಡ 1000 ರೂಪಾಯಿವರೆಗೆ.

ಬಿಡಿ ಮಾರಾಟ ಯಾಕೆ ಕೆಟ್ಟದ್ದು ಅಂತ ಕೆಲವರಿಗೆ ಅರ್ಥ ಆಗುವುದಿಲ್ಲ. ಕಾಲೇಜು ಹುಡುಗನ ಹತ್ತಿರ ಒಂದು ಪ್ಯಾಕಿಗೆ ದುಡ್ಡಿರುವುದಿಲ್ಲ, ಒಂದು ಸಿಗರೇಟಿಗೆ ಇರುತ್ತದೆ. ಮನೆಗೆ ಪ್ಯಾಕು ಒಯ್ದರೆ ಅಮ್ಮನ ಕೈಗೆ ಸಿಗುತ್ತದೆ, ಬಿಡಿ ಸಿಗರೇಟು ಅಲ್ಲೇ ಸುಟ್ಟು ಮುಗಿಯುತ್ತದೆ. ಇನ್ನೂ ಒಂದಿದೆ. ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರ ಅವನ ಕಣ್ಣಿಗೆ ಬೀಳುವುದೇ ಇಲ್ಲ. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿಯ ಶೇ. 85 ಜಾಗದಲ್ಲಿ ಎಚ್ಚರಿಕೆ ಇರಬೇಕು ಅಂತ ನಿಯಮ. ಅದರ ವಿರುದ್ಧ ಎಷ್ಟು ಜಗ್ಗಾಟ ನಡೆಯಿತು ಗೊತ್ತಾ? 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತ್ತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ದೊಡ್ಡ ಚಿತ್ರ ಉಳಿಯಿತು. ಅಷ್ಟು ಕಷ್ಟಪಟ್ಟು ಉಳಿದ ಚಿತ್ರ ಅಂಗಡಿಯ ಡಬ್ಬಿಯೊಳಗೇ ಇದ್ದರೆ ಏನು ಬಂತು? ತಂಬಾಕು ಬಿಡಬೇಕೆನ್ನುವವರಿಗೆ ಕೆಲವು ವರ್ಷಗಳಿಂದ ಪ್ಯಾಕಿನ ಮೇಲೆ ಸಹಾಯವಾಣಿಯ ನಂಬರೂ ಇದೆ, 1800-11-2356. ಕರೆ ಉಚಿತ. ಬಿಡಿ ಕೊಳ್ಳುವವನಿಗೆ ಆ ನಂಬರ್ ಸಿಗುವುದಿಲ್ಲ.

ಮೀನುಗಾರರ ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ, ಯಾಕೆಂದರೆ ಈ ಡಿಸೈನ್ ಪರವಾಗಿ ನಾನು ಕೇಳಿದ ಗಟ್ಟಿ ವಾದ ಅದೊಂದೇ. ಬೈತಖೋಲ, ತದಡಿ ಬಂದರುಗಳಿಂದ ಬೋಟಿನಲ್ಲಿ ಹೋಗುವವರು ದಿನಗಟ್ಟಲೆ ನೀರಿನ ಮೇಲೆ ಇರುತ್ತಾರೆ. ಬೀಡಿ, ಬೆಂಕಿಪೊಟ್ಟಣ, ಮೊಬೈಲು ಎಲ್ಲವನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿರುತ್ತಾರೆ. ಉಪ್ಪುನೀರಲ್ಲಿ ದುಡಿಯುವವರಿಗೆ ಅಷ್ಟಾದರೂ ಸುಖ ಬೇಡವಾ ಅಂತ ಕೇಳುತ್ತಾರೆ. ನನಗೆ ಆ ಜನರ ಮೇಲೆ ಪ್ರೀತಿ ಇದೆ, ಅದಕ್ಕೇ ಈ ವಾದ ಒಪ್ಪುವುದಿಲ್ಲ. ರಾತ್ರಿಯಿಡೀ ಬಲೆ ಎಳೆಯುವ ಮನುಷ್ಯನಿಗೆ ಬೇಕಾದ್ದು ಎಷ್ಟೋ ಇವೆ. ಒದ್ದೆಯಾಗದ ಔಷಧಿ ಡಬ್ಬಿ ಬೇಕು. ದಿನಾ ಬಿಪಿ ಮಾತ್ರೆ ನುಂಗುವವರು ಬೋಟಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಒಮ್ಮೆ ವಿಚಾರಿಸಿ. ಆಧಾರ್ ಕಾರ್ಡು, ಬೋಟಿನ ಕಾಗದಪತ್ರ ಇಟ್ಟುಕೊಳ್ಳಲು ಗಟ್ಟಿ ಚೀಲ ಬೇಕು. ಇವನ್ನೆಲ್ಲ ಬಿಟ್ಟು, ಅವರ ಪುಪ್ಪುಸ ಸುಡುವ ವಸ್ತುವನ್ನು ಬೆಚ್ಚಗೆ ಇಡುವ ಪ್ಯಾಕಿಗೆ ನಮ್ಮ ತಲೆ ಓಡಿಸಬೇಕಾ?

ಇನ್ನೊಂದು ವಾದ ಸೇದುವುದನ್ನು ಕಡಿಮೆ ಮಾಡುವವರದು. ಪ್ಯಾಕು ಹಾಳಾಗುವುದಿಲ್ಲ ಅಂತಾದರೆ ದಿನಕ್ಕೆ ಒಂದೇ ಸೇದಿ ಉಳಿದದ್ದನ್ನು ಇಟ್ಟುಕೊಳ್ಳಬಹುದಂತೆ, ಹಾಳಾಗುತ್ತದೆ ಅಂತ ಗಡಿಬಿಡಿಯಲ್ಲಿ ಮುಗಿಸುವುದು ತಪ್ಪುತ್ತದಂತೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ಅಧ್ಯಯನ ಬೇರೆಯೇ ಹೇಳುತ್ತದೆ. ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ಒಂದೇ ಸೇದುವವರಿಗೂ ಅದರ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಒಂದರಲ್ಲಿ ಇಪ್ಪತ್ತನೇ ಒಂದು ಪಾಲು ಅಪಾಯ ಅಂತ ಲೆಕ್ಕ ಹಾಕಿಕೊಂಡವರು ಇದನ್ನು ಎರಡು ಸಲ ಓದಿ. ಬಿಡುವವರಿಗೆ ಮನೆಯಲ್ಲಿ ಸದಾ ಸಿದ್ಧವಾಗಿರುವ ಪ್ಯಾಕು ಸಹಾಯ ಮಾಡುವುದಿಲ್ಲ. ಮಧ್ಯರಾತ್ರಿ ಚಟ ಎದ್ದಾಗ ಕಪಾಟಿನಲ್ಲಿ ಮೆತ್ತಗಾದ ಎರಡು ಸಿಗರೇಟು ಇದ್ದರೆ ಬೇಸರ ಬಂದು ಬಿಸಾಕಿ ಮಲಗುವವರು ಇದ್ದಾರೆ. ಆ ಬೇಸರ ಇರಲಿ ಬಿಡಿ. ಅದನ್ನು ತೆಗೆದುಹಾಕಲು ನಾವು ಯಾಕೆ ದುಡಿಯಬೇಕು? ತಂಬಾಕು ಬಿಡದವರಲ್ಲಿ ಅರ್ಧದಷ್ಟು ಜನರವರೆಗೆ ಅದರಿಂದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಸಾವು.

ಇದನ್ನೆಲ್ಲ ನಾನೊಬ್ಬನೇ ಯೋಚನೆ ಮಾಡಿದ್ದಲ್ಲ. ಯುರೋಪಿನ ಒಕ್ಕೂಟ 2014ರಲ್ಲಿ ತಂದ ತಂಬಾಕು ನಿಯಮದ 14ನೇ ಕಲಮಿನಲ್ಲಿ ಈ ಮಾತು ನೇರವಾಗಿಯೇ ಇದೆ. ಸಿಗರೇಟ್ ಪ್ಯಾಕಿಗೆ ಒಮ್ಮೆ ತೆರೆದ ಮೇಲೆ ಮತ್ತೆ ಮುಚ್ಚುವ, ಮತ್ತೆ ಅಂಟಿಸುವ ಬಾಯಿ ಇರಕೂಡದು. ಹಿಂದಕ್ಕೆ ಮಡಚುವ ಮಾಮೂಲಿ ಮುಚ್ಚಳಕ್ಕೆ ಮಾತ್ರ ವಿನಾಯಿತಿ. ಪ್ಯಾಕು ಚೌಕಾಕಾರದ ಡಬ್ಬಿಯ ರೂಪದಲ್ಲೇ ಇರಬೇಕು, 20ಕ್ಕಿಂತ ಕಡಿಮೆ ಸಿಗರೇಟು ಇರಬಾರದು. 13ನೇ ಕಲಮಿನಲ್ಲಿ ಇನ್ನೊಂದು ಮಾತಿದೆ, ತಂಬಾಕಿನ ಪ್ಯಾಕು ತಿನ್ನುವ ವಸ್ತುವಿನ ಹಾಗೆ ಕಾಣಬಾರದು. ಇವು ಜಾರಿಗೆ ಬಂದದ್ದು 2016ರ ಮೇನಲ್ಲಿ. ಹಪ್ಪಳ, ಒಣಮೀನಿನ ಪ್ಯಾಕು ಮಾಡುವ ನನಗೆ ಆ 13ನೇ ಕಲಮು ತುಂಬಾ ಹಿಡಿಸಿತು. ಜಿಪ್ಪು, ಅಂಟಿನ ಬಾಯಿ ನೋಡಿದ ಕೂಡಲೇ ಒಳಗಿರುವುದು ಒಳ್ಳೆಯದು, ಕಾಪಾಡಿಕೊಳ್ಳಬೇಕಾದ್ದು ಅಂತ ನಮ್ಮ ಮನಸ್ಸು ತಾನಾಗಿ ಅಂದುಕೊಳ್ಳುತ್ತದೆ. ಆ ನಂಬಿಕೆಯನ್ನು ಸಿಗರೇಟಿಗೆ ಎರವಲು ಕೊಡಬಾರದು.

ನಮ್ಮಲ್ಲಿ ತಂಬಾಕಿನ 2008ರ ಪ್ಯಾಕಿಂಗ್ ನಿಯಮದ ಗಮನವೆಲ್ಲ ಎಚ್ಚರಿಕೆಯ ಚಿತ್ರದ ಮೇಲಿದೆ. ಪ್ಯಾಕು ತೆರೆದಾಗ ಚಿತ್ರ ಹರಿಯಬಾರದು, ಮುಚ್ಚಿಹೋಗಬಾರದು ಅಂತ ಇದೆ. ಅದು ಒಳ್ಳೆಯದೇ. ಆದರೆ ಪ್ಯಾಕಿಂಗ್ ಮಾಡುವವರು ಎಷ್ಟು ಚುರುಕು ಅನ್ನುವುದನ್ನು ಗುಟ್ಕಾದಲ್ಲಿ ನೋಡಿದ್ದೇವಲ್ಲ. 2011ರಲ್ಲಿ ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಗುಟ್ಕಾ ಮಾರಬಾರದು ಅಂತ ಬಂತು, ಕಾಗದದ ಪ್ಯಾಕು ಬಂತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧ ಮಾಡಿತು, ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಅಂತ ಜೋಡಿಯಾಗಿ ಮಾರಾಟ ಶುರುವಾಯಿತು. ಬಸ್ಸಿನಲ್ಲಿ ಕೂತು ಎರಡನ್ನೂ ಹರಿದು ಬೆರೆಸುವುದನ್ನು ದಿನಾ ನೋಡುತ್ತೇವೆ. ಅಡಿಕೆ ಬೆಳೆಯುವ ಜಿಲ್ಲೆಯವರಾಗಿ ನಮಗೆ ಇದು ಇನ್ನೂ ಹೆಚ್ಚು ಚುಚ್ಚಬೇಕು. ನಿಯಮದಲ್ಲಿ ಒಂದು ಸಂದಿ ಬಿಟ್ಟರೆ ಅದರಲ್ಲಿ ಹೊಸ ಪ್ಯಾಕು ಹುಟ್ಟುತ್ತದೆ. ಹುಟ್ಟಿದ ಮೇಲೆ ಕೋರ್ಟಿಗೆ ಅಲೆಯುವ ಬದಲು ಮೊದಲೇ ಆ ಸಾಲು ಬರೆದಿಡುವುದು ವಾಸಿ.

ಹಾಗಾಗಿ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಒಂದು ಪತ್ರದ ಕರಡು ಬರೆದಿದ್ದೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕೇಳಿರುವುದು ಎರಡೇ. ಸಿಗರೇಟ್ ಪ್ಯಾಕಿಗೆ ಮಾಮೂಲಿ ಮುಚ್ಚಳ ಬಿಟ್ಟು ಮತ್ತೆ ಅಂಟಿಸುವ ಯಾವ ಬಾಯಿಯೂ ಇರಬಾರದು. ಜಗಿಯುವ ತಂಬಾಕಿನ ಪೌಚಿಗೆ ಜಿಪ್ ಹಾಕುವಂತಿಲ್ಲ. ಒಬ್ಬನ ಹೆಸರಿನಲ್ಲಿ ಹೋಗುವುದಕ್ಕಿಂತ ಪ್ಯಾಕಿಂಗ್, ಪ್ರಿಂಟಿಂಗ್ ಕೆಲಸದವರು ಹತ್ತು ಜನ ಸೇರಿ ಕಳಿಸಿದರೆ ತೂಕ ಜಾಸ್ತಿ. ಶಿರಸಿ, ಕುಮಟಾ, ಹೊನ್ನಾವರ, ಕಾರವಾರದಲ್ಲಿ ಈ ಲೈನಿನಲ್ಲಿ ಇರುವವರು, ಸಹಿ ಹಾಕುವ ಮನಸ್ಸಿದ್ದರೆ ಕೆಳಗೆ ತಿಳಿಸಿ, ಕರಡು ಕಳಿಸುತ್ತೇನೆ. ಓದಿ, ತಿದ್ದಬೇಕಾದ್ದು ಇದ್ದರೆ ತಿದ್ದಿ ಕೊಡಿ.